ಜೋಡಿಯಿಲ್ಲದ ಕಂಚು

ಫೆಬ್ರವರಿ 18, ಮಂಗಳವಾರ

ಮತ್ತೆ ಗಿಯಾನ್ಯಾರ್ ಪೇಟೆಯ ಫೋಟೊಕಾಪಿ ಅಂಗಡಿ. ಹಳೆಯ ಪತ್ರಿಕೆಯ ತುಣುಕುಗಳನ್ನು ಸ್ಕ್ಯಾನ್ ಮಾಡಿಸಿದೆ. ಒಂದರಲ್ಲಿ ನನ್ನ ಮೊಣಕೈ ಇದೆ. ಇನ್ನೊಂದರಲ್ಲಿ ಜಡೆಗೆ ಮುಡಿದ ಹೂ. ಮುಖ ಯಾವುದರಲ್ಲೂ ಇಲ್ಲ.

ಅಂಗಡಿಯ ಲಾನುಸ್ ಗಾಜಿನ ಮೇಲೆ ಕಾಗದ ಸರಿಪಡಿಸುತ್ತ ಕೇಳಿದ: "ಅಮೆರಿಕಕ್ಕೆ ಮೊಣಕೈ ಮಾತ್ರ ಹೋಗುತ್ತೋ, ಜೊತೆಗೆ ನೀನೂ ಹೋಗ್ತೀಯೋ?"

ಬೆಳಗ್ಗೆ ಟೆರೆಸಾಳ ಮೇಲ್. ನ್ಯೂಯಾರ್ಕಿನ ವಕೀಲರ ಕಚೇರಿಯ ಸಹಾಯಕಿ. ಮುಖ ಕಂಡಿಲ್ಲ, ಮೇಲ್‌ಗಳ ಕೊನೆಯ ನಗುವ ಗುರುತು ಮಾತ್ರ ಗೊತ್ತು. "ಪ್ರಿಯ ಆರ್ಸಿನಿ, ಯಾವ ಕಾರ್ಯಕ್ರಮದ ಕರಪತ್ರದಲ್ಲೂ ನಿಮ್ಮ ಹೆಸರಿಲ್ಲ. ಅಸಾಧಾರಣ ಸಾಮರ್ಥ್ಯದ ವೀಸಾ ಕೇಳುವವರ ಹೆಸರು ಎಲ್ಲಾದರೂ ಅಚ್ಚಾಗಿರಬೇಕು."

ಹೇಗೆ ಅಚ್ಚಾಗುತ್ತದೆ? ಹೆಸರು ತೆಗೆಸಿದವಳು ನಾನೇ. ಕಲಾ ಉತ್ಸವದವರು ಭಿತ್ತಿಪತ್ರದಲ್ಲಿ ವಾದ್ಯಗುಂಪಿನ ಮುಂದೆ ಕೂರುವವರ ಹೆಸರಷ್ಟೇ ಹಾಕಿದ ವರ್ಷ ಕೂತು ಒಂದು ಕರಪತ್ರ ಬರೆದೆ, ಇದೇ ಲಾನುಸನ ಯಂತ್ರದಲ್ಲಿ ಪ್ರತಿ ತೆಗೆಸಿದೆ, ಕೇರಿಯ ಸಭಾಮಂಟಪದ ಕಂಬಕಂಬಕ್ಕೂ ಅಂಟಿಸಿದೆ. 'ಹೆಸರು ಹಾಕಬೇಡಿ.' ಅದರಲ್ಲಿ ಹೀಗಿತ್ತು: 'ಕಂಚು ಯಾರಪ್ಪನ ಸ್ವತ್ತೂ ಅಲ್ಲ. ಪೀಠ ಉಳಿಯುತ್ತದೆ, ಕೂತವರು ಏಳುತ್ತಾರೆ. ತನ್ನ ಹೆಸರು ಹಾಕಿಕೊಂಡವನು ಇಡೀ ಗುಂಪಿನ ಕೈ ಕದ್ದವನು.'

ಈಗ ಓದಿದರೂ ಒಳ್ಳೆಯ ವಾಕ್ಯ. ಒಂದು ಅಕ್ಷರವನ್ನೂ ಹಿಂತೆಗೆದುಕೊಳ್ಳುವುದಿಲ್ಲ.

ಆದರೆ ವೀಸಾ ಬೇಕು.

ಫೆಬ್ರವರಿ 21, ಶುಕ್ರವಾರ

ಅಭ್ಯಾಸ. ಹೆಂಗಸರ ಗುಂಪಿಗೆ ಮಂಟಪ ಸಿಗುವುದು ಶುಕ್ರವಾರ ಮಧ್ಯಾಹ್ನ ಮಾತ್ರ. ಅದೂ ಗಂಡಸರ ಕೋಳಿ ಅಂಕದ ಮಾತುಕತೆ ಇಲ್ಲದಿದ್ದರೆ. ಕಸ ಗುಡಿಸಿ, ವಾದ್ಯಗಳ ಮುಂದೆ ಹೂವಿನ ನೈವೇದ್ಯ ಇಟ್ಟು, ನುಡಿಸುವ ಸುತ್ತಿಗೆ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ. "ಅಡುಗೆಮನೆ ಪಾತ್ರೆ ಸದ್ದು ಶುರುವಾಯ್ತು" ಎಂದು ಹೊರಗೆ ಯಾರೋ. ಪ್ರತಿವಾರ ಯಾರಾದರೂ ಒಬ್ಬ.

ನನ್ನನ್ನು ಕರೆಸುತ್ತಿರುವ ಅಮೆರಿಕದ ಗುಂಪಿನವರಲ್ಲಿ ಇಡೀ ಗಾಮೆಲಾನ್, ಕಂಚಿನ ವಾದ್ಯಗಳ ಪೂರ್ತಿ ಮೇಳ ಇದೆ. ನಮ್ಮ ದ್ವೀಪದಿಂದಲೇ ಹಡಗಿನಲ್ಲಿ ಹೋದದ್ದು. ಪ್ರತಿದಿನ ನುಡಿಸಬಹುದಂತೆ. ಪ್ರತಿದಿನ! ಉತ್ಸವದಲ್ಲಿ ನಮ್ಮ ವಾದನ ಕೇಳಿ ಹೋದವರು ಕಲಿಸುವವರು ಬೇಕೆಂದು ಬರೆದರು. ಇಬ್ಬರು ಬರುತ್ತೇವೆ ಎಂದೆ. ಒಬ್ಬರಿಗೇ ಆಗುವುದು, ಕ್ಷಮಿಸಿ ಎಂದರು.

ನನ್ನ ಜೋಡಿಯಾಗಿ ನುಡಿಸುವ ಮುರ್ನಿ ಅವತ್ತೇ ತೀರ್ಮಾನ ಮಾಡಿಬಿಟ್ಟಳು. "ನೀನೇ ಹೋಗು. ನಿಂಗೆ ಇಂಗ್ಲಿಷ್ ಬರುತ್ತೆ. ನಂಗೆ ಹಂದಿ ಸಾಕೋದು ಬರುತ್ತೆ. ಹಂದಿಗೆ ವೀಸಾ ಬೇಡ."

ಇವತ್ತು ಅವಳಿಗೆ ಮೊಣಕೈ ತೋರಿಸಿದೆ. "ಅಯ್ಯೋ, ಪಕ್ಕದಲ್ಲಿ ನನ್ನ ಮೂಗು ಇದೆಯಲ್ಲೇ! ಮೂಗು ಕತ್ತರಿಸಿ ಕಳಿಸ್ತೀಯೇನು?"

ಟೆರೆಸಾ ಕೇಳಿದ್ದಾಳೆ, ನೀವು ನುಡಿಸುವುದು ಏನು, ಸರಳವಾಗಿ ಬರೆದು ಕಳಿಸಿ ಎಂದು. ಬರೆದೆ: ಕಂಚಿನ ಪಟ್ಟಿಗಳ ವಾದ್ಯ, ಮರದ ಸುತ್ತಿಗೆಯಿಂದ ಹೊಡೆಯುವುದು. ಪ್ರತಿ ವಾದ್ಯಕ್ಕೂ ಒಂದು ಜೋಡಿ ಇರುತ್ತದೆ. ಜೋಡಿಯಲ್ಲಿ ಒಂದರ ಶ್ರುತಿ ಇನ್ನೊಂದಕ್ಕಿಂತ ಚೂರು ಮೇಲೆ. ಬೇಕೆಂದೇ. ಉಸಿರು ಬಿಡುವ ಕಂಚು, ಉಸಿರು ಎಳೆಯುವ ಕಂಚು. ಎರಡೂ ಕೂಡಿದಾಗ ಸ್ವರ ಅಲೆಯಾಗಿ ನಡುಗುತ್ತದೆ. ಒಂದೇ ಆದರೆ ಬರೀ ಲೋಹ. ರಾಗವೂ ಹಾಗೆಯೇ. ತಾಳದ ಮೇಲೆ ನಾನು ಹೊಡೆಯುತ್ತೇನೆ, ತಾಳದ ಸಂದಿಯಲ್ಲಿ ಮುರ್ನಿ. ಕೇಳುವವರಿಗೆ ಒಂದೇ ರಾಗ.

ಒಂದನ್ನು ಬರೆಯಲಿಲ್ಲ. ತಾಳದ ಸುತ್ತು ಮುಗಿಸುವ ದೊಡ್ಡ ಗಂಟೆ ಬಿದ್ದ ಮೇಲೆ ನಾನು ಯಾವಾಗಲೂ ಕೂದಲೆಳೆಯಷ್ಟು ತಡ. ಮುರ್ನಿ ಕಾಯುತ್ತಾಳೆ. ಚಿಕ್ಕಂದಿನಿಂದಲೂ. ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಕೇಳಿಸುವುದಿಲ್ಲ.

ಮಾರ್ಚ್ 2

ರುಂಡು ಅಜ್ಜನ ಮನೆ. ನಮಗೆ ಕಲಿಸಿದವರು. ಅವರ ಶಿಫಾರಸು ಪತ್ರ ಬೇಕು. ಕರಡು ಟೆರೆಸಾ ಕಳಿಸಿದ್ದಳು, ನಾನು ಓದಿ ಹೇಳಿದೆ. 'ಆರ್ಸಿನಿ ತಮ್ಮ ಕ್ಷೇತ್ರದ ತುತ್ತತುದಿಗೆ ಏರಿದ ಕೆಲವೇ ಕೆಲವರಲ್ಲಿ ಒಬ್ಬರು.'

ಅಜ್ಜ ಅಡಿಕೆ ಉಗಿದರು. "ತುದಿ ಅಂದ್ರೆ ಎಲ್ಲಿ? ತೆಂಗಿನಮರದ್ದಾ?"

"ಹಾಗೆ ಬರೀಬೇಕಂತೆ ಅಜ್ಜ."

"ಮರ ಹತ್ತಿದವರನ್ನ ಕೆಳಗಿಂದ ಹೊಗಳಬಾರ್ದು ಮಗಳೇ. ನಗೋಕೆ ಹೋಗಿ ಕೈ ಬಿಡ್ತಾರೆ."

"ನೀವೇ ಹೇಳಿ, ನಾನು ಬರ್ಕೊಳ್ತೀನಿ."

"ಬರಿ. ಅಭ್ಯಾಸ ತಪ್ಪಿಸಲ್ಲ. ವಾದ್ಯ ದಾಟಿ ನಡೆಯಲ್ಲ. ತಪ್ಪು ಹೊಡೆದ್ರೆ ಜೋರಾಗಿ ಹೊಡೆಯಲ್ಲ. ಜೋಡಿಯ ಮಾತು ಕೇಳ್ತಾಳೆ."

ಅವರ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಟೆರೆಸಾಳಿಗೆ ಸಾಲದು. ಕೊನೆಗೆ ಎರಡೂ ಹಾಕಿದೆವು. ಮೊದಲು ತೆಂಗಿನಮರ, ಆಮೇಲೆ ಅಜ್ಜನ ಮಾತು. ಸಹಿ ಹಾಕುವಾಗ ಅಜ್ಜ ಕಣ್ಣು ಮುಚ್ಚಿಕೊಂಡರು. ಕಹಿ ಔಷಧಿ ಕುಡಿಯುವವರ ಹಾಗೆ.

ಮಾರ್ಚ್ 7

ನೀವೊಬ್ಬರೇ ನುಡಿಸುವ ವಿಡಿಯೊ ಬೇಕು ಎಂದು ಟೆರೆಸಾ. ಗುಂಪಿನ ವಿಡಿಯೊದಲ್ಲಿ ಯಾರು ನೀವೆಂದು ಅಧಿಕಾರಿಗೆ ತಿಳಿಯುವುದಿಲ್ಲವಂತೆ.

ಮಂಟಪದಲ್ಲೇ ತೆಗೆದೆವು. ಲಾನುಸನ ಫೋನು. ಚೌಕಟ್ಟಿನಲ್ಲಿ ನಾನೊಬ್ಬಳೇ. ಪೂರ್ತಿ ಮುಖ, ಹೊಸ ರವಿಕೆ, ಕೆಂಪು ಶಾಲು. ಮುರ್ನಿ ಕಂಬದ ಹಿಂದೆ ಕೂತು ತನ್ನ ಪಾಲು ನುಡಿಸಿದಳು. ಅವಳ ಸುತ್ತಿಗೆಯ ತುದಿಯೂ ಕಾಣದ ಹಾಗೆ ಲಾನುಸ್ ಹಿಡಿದ. ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಮುಗಿದ ಮೇಲೆ ಅವಳು ಕಂಬದ ಹಿಂದಿನಿಂದ ತಲೆ ಹೊರಗೆ ಹಾಕಿದಳು. "ದೆವ್ವಕ್ಕೆ ಕೂಲಿ ಇಲ್ವಾ?"

ಶುಂಠಿ ಕಡಲೆಕಾಯಿ ಕೊಡಿಸಿದೆ.

ಮಾರ್ಚ್ 13

ಟೆರೆಸಾಳ ಮೇಲ್‌ನಲ್ಲಿ ನಗುವ ಗುರುತಿಲ್ಲ.

"ವಿಡಿಯೊದಲ್ಲಿ ಇನ್ನೊಂದು ವಾದ್ಯ ಕೇಳಿಸುತ್ತಿದೆ. ಕಾಣದ ಹಾಗೆ ಇನ್ನೊಬ್ಬರನ್ನು ಕೂರಿಸಿದ್ದೀರಾ? ಅಧಿಕಾರಿಗಳು ಇದನ್ನು ಮೋಸ ಎಂದುಕೊಳ್ಳಬಹುದು. ಅರ್ಜಿಯೇ ಬಿದ್ದುಹೋಗಬಹುದು."

ಮೋಸ! ಕಿವಿ ಸುಟ್ಟಂತಾಯಿತು. ಒಬ್ಬಳೇ ಕಾಣಬೇಕು ಎಂದುಕೊಂಡಿದ್ದೆ. ಒಬ್ಬಳೇ ಕೇಳಿಸಬೇಕು ಎಂದು ಹೊಳೆಯಲೇ ಇಲ್ಲ. ನನಗಷ್ಟೇ ಅಲ್ಲ. ಮುರ್ನಿಗೂ ಹೊಳೆಯಲಿಲ್ಲ, ಲಾನುಸನಿಗೂ ಇಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಜ್ಜನಿಗೂ ಇಲ್ಲ. ಇಲ್ಲಿ ಯಾರಿಗೂ ಹೊಳೆಯದು.

ಉದ್ದದ ಉತ್ತರ ಬರೆದೆ. ಒಬ್ಬರೇ ಮಾಡಿದ್ದು ಎಂಬುದು ಲೋಕದಲ್ಲಿ ಏನೂ ಇಲ್ಲ, ಅದು ಮಾರುವವರು ಕಟ್ಟಿದ ಸುಳ್ಳು ಎಂದು. ನನ್ನ ಕರಪತ್ರಕ್ಕಿಂತ ಚೆನ್ನಾಗಿತ್ತು.

ಕಳಿಸಲಿಲ್ಲ.

ಮಾರ್ಚ್ 14, ಶುಕ್ರವಾರ

ಒಬ್ಬಳೇ ನುಡಿಸಿದೆ.

ಹೊಡೆತ... ಖಾಲಿ... ಹೊಡೆತ... ಖಾಲಿ. ಹಲ್ಲು ಬಿದ್ದ ಬಾಯಿ ಹಾಡುವ ಹಾಗೆ. ಅಲೆಯಿಲ್ಲ. ನನ್ನ ಕಂಚಿನ ನಿಜವಾದ ಸದ್ದು ಏನೆಂದು ಇವತ್ತೇ ಗೊತ್ತಾದದ್ದು. ಚಪ್ಪಟೆ.

ಮುರ್ನಿ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಿದ್ದಳು. ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಹಾಗಿಡದಿದ್ದರೆ ಆಡುತ್ತವಂತೆ.

ಅಜ್ಜ ಬೀದಿಯಲ್ಲಿ ಹೋಗುತ್ತಿದ್ದವರು ಓಡುನಡಿಗೆಯಲ್ಲಿ ಒಳಗೆ ಬಂದರು. "ಇನ್ನೊಬ್ಬಳಿಗೆ ಏನಾಯ್ತು?"

"ಏನೂ ಆಗಿಲ್ಲ ಅಜ್ಜ, ಇಲ್ಲೇ ಇದ್ದೀನಿ" ಎಂದಳು ಮುರ್ನಿ.

"ಮತ್ತೆ ಇದ್ಯಾಕೆ ಸತ್ತವರ ಮನೆ ಹಾಗೆ?"

ಲಾನುಸ್ ಫೋನು ಇಳಿಸಿದ. ಇನ್ನೊಂದು ಸಲ ಮೊದಲಿನಿಂದ ನುಡಿಸಬೇಕಾಯಿತು. ಅಜ್ಜನ ದನಿ ಸೇರಿಬಿಟ್ಟಿತ್ತು.

ಮಾರ್ಚ್ 19

ಟೆರೆಸಾ: "ಅದ್ಭುತ! ಕಚೇರಿಯಲ್ಲಿ ಎಲ್ಲರೂ ಸುತ್ತ ನಿಂತು ಕೇಳಿದೆವು. ಸ್ವರಗಳ ನಡುವೆ ನೀವು ಬಿಡುವ ಆ ಮೌನ... ನಮ್ಮಲ್ಲಿ ಒಬ್ಬರು ಅತ್ತರು." ನಗುವ ಗುರುತು, ಹೂವಿನ ಗುರುತು.

ಮುರ್ನಿಗೆ ಓದಿ ಹೇಳಲಿಲ್ಲ. ಹಂದಿ ಮರಿ ಹಾಕಿತ್ತು, ಅವಳಿಗೆ ಪುರುಸೊತ್ತಿರಲಿಲ್ಲ.

ಮಾರ್ಚ್ 29, ಶನಿವಾರ

ಮೌನದ ಹಬ್ಬ. ಒಲೆಯಿಲ್ಲ, ದೀಪವಿಲ್ಲ, ಹೊರಗೆ ಹೋಗುವಂತಿಲ್ಲ, ವಿಮಾನವಿಲ್ಲ, ಮೇಲ್ ಇಲ್ಲ. ಬರೆಯುವುದೂ ಕೆಲಸವೇ, ಬರೆಯಬಾರದು.

ಊರಿಗೆ ಊರೇ ಸುಮ್ಮನಿದೆ. ಮೊದಲೆಲ್ಲ ಈ ಮೌನದಲ್ಲಿ ಎಲ್ಲರೂ ಜೊತೆಗಿದ್ದಾರೆ ಅನಿಸುತ್ತಿತ್ತು.

ಏಪ್ರಿಲ್ 9

ಕೊನೆಯ ಕಾಗದ. ಮುರ್ನಿಯ ಹೇಳಿಕೆ ಬೇಕಂತೆ. ಗುಂಪಿನ ವಿಡಿಯೊದಲ್ಲಿ ಪಕ್ಕದಲ್ಲೇ ಕೂತಿದ್ದಾಳಲ್ಲ, ಯಾರು ಮುಖ್ಯ ಎಂಬ ಅನುಮಾನ ಉಳಿಯಬಾರದು. ಟೆರೆಸಾಳ ಕರಡು: 'ಮುಖ್ಯ ವಾದನ ಆರ್ಸಿನಿಯವರದು. ನನ್ನದು ಪೂರಕ ಮಾತ್ರ.' ಇದಿಲ್ಲದಿದ್ದರೆ ಅರ್ಜಿ ನಿಲ್ಲುವುದು ಕಷ್ಟ ಎಂದಳು. ಇದಿದ್ದರೆ ನಿಲ್ಲುತ್ತದೆ.

ಹಂದಿಗೂಡಿನ ಹತ್ತಿರ ಕೊಟ್ಟೆ. ಕೈ ತೊಳೆದು ಬಂದಳು.

"ಪೂರಕ ಅಂದ್ರೇನೇ?"

"ಆಸರೆ ಕೊಡೋದು... ಜೊತೆಗೆ..."

"ಬಾಳೆಗಿಡಕ್ಕೆ ಕೊಡ್ತಾರಲ್ಲ ಕೋಲು, ಹಾಗಾ?"

ನನಗೆ ರೇಗಿತು. ಯಾಕೆ ರೇಗಿತು? "ಇದು ಅವರ ಭಾಷೆ ಮುರ್ನಿ, ನಂದಲ್ಲ! ಅಲ್ಲಿ ಹೋದ್ರೆ ತಾನೆ ಅವರಿಗೆ ಸರಿಯಾದ್ದು ಹೇಳಿಕೊಡೋಕಾಗೋದು? ಅಲ್ಲಿ ಒಂದು ಗುಂಪು ಕಟ್ತೀನಿ, ಆಮೇಲೆ ನಿನ್ನನ್ನೂ..."

"ಭಾಷಣ ಬೇಡ್ವೇ. ಪೆನ್ನು ಕೊಡು."

ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿ ಎಂದು ಕಾಯುತ್ತಿದ್ದೆ, ಅದೇ ನಿಜ. ಅಂದಿದ್ದರೆ ಜಗಳ ಆಡಬಹುದಿತ್ತು. ಕಾಗದವನ್ನು ಗೂಡಿನ ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದಳು. ಪೂರ್ತಿ ಹೆಸರು, ಶಾಲೆಯಲ್ಲಿ ಬರೆಯುತ್ತಿದ್ದ ದುಂಡು ಅಕ್ಷರದಲ್ಲಿ. ಅವಳ ಹೆಸರು ಇಷ್ಟು ಉದ್ದ ಎಂದು ಮರೆತಿದ್ದೆ.

"ಒಣಗಲಿ, ಮಡಚಬೇಡ" ಎಂದಳು.

ಏಪ್ರಿಲ್ 22

ನಾಳೆ ಗಲುಂಗನ್ ಹಬ್ಬ. ಬೀದಿಯುದ್ದಕ್ಕೂ ಬಿದಿರ ಗಳುಗಳು ಬಾಗಿ ನಿಂತಿವೆ. ಕೇರಿಯ ಹೆಂಗಸರು ನೈವೇದ್ಯಕ್ಕೆ ತೆಂಗಿನ ಗರಿ ಕತ್ತರಿಸುತ್ತಿದ್ದರು. ಹೋಗಿ ಕೂತೆ. ಯಾರೋ ನನ್ನ ಕೈಯಿಂದ ಚಾಕು ತೆಗೆದುಕೊಂಡರು. "ಬಿಡಮ್ಮ, ನೀನು ಹೋಗುವವಳು. ಬೆರಳು ಕುಯ್ದುಕೊಂಡೀಯ."

ಪ್ರೀತಿಯಿಂದಲೇ ಹೇಳಿದ್ದು.

ಅರ್ಜಿ ಹೋಗಿದೆ. ದಪ್ಪ ಕಡತ. ಅದರಲ್ಲಿರುವ ಹೆಂಗಸು ಯಾರ ಹತ್ತಿರವೂ ಏನೂ ಕಲಿತಂತಿಲ್ಲ. ಕರಪತ್ರ ಬರೆಯುವ ಕೈ ಇನ್ನೂ ಇದ್ದಿದ್ದರೆ ಅವಳ ಮೇಲೊಂದು ಬರೆಯುತ್ತಿದ್ದೆ.

ಮೇ 30, ಶುಕ್ರವಾರ

ಅರ್ಜಿ ಒಪ್ಪಿದ್ದಾರೆ. ಇನ್ನು ಸುರಬಾಯಾದ ಅಮೆರಿಕನ್ ದೂತಾವಾಸದಲ್ಲಿ ಸಂದರ್ಶನ. ಅದು ಬರೀ ಶಾಸ್ತ್ರ ಎಂದು ಟೆರೆಸಾ.

ಅಮ್ಮನಿಗೆ ಹೇಳಿದೆ. "ಅಲ್ಲಿ ಅನ್ನ ಸಿಗುತ್ತಾ?" ಎಂದಳು. ಸಿಗುತ್ತದೆ ಎಂದೆ. "ಬಿಸಿಯಾಗಿ?" ಎಂದಳು.

ಮಧ್ಯಾಹ್ನ ಅಭ್ಯಾಸಕ್ಕೆ ಓಡಿದೆ, ಎಲ್ಲರಿಗೂ ಹೇಳಲು. ಹಬ್ಬದ ಗಡಿಬಿಡಿ, ಫೋಟೊ, ಬೆರಳಚ್ಚು, ಪೇಟೆಯ ಓಡಾಟ ಎಂದು ತುಂಬ ಶುಕ್ರವಾರ ತಪ್ಪಿಸಿದ್ದೆ. ನನ್ನ ಪೀಠದಲ್ಲಿ ಸುಕ್ಮಿ ಕೂತಿದ್ದಳು. ಸಂತೆಯಲ್ಲಿ ಮೀನು ಮಾರುವ ಸುಕ್ಮಿ, ನಮಗಿಂತ ದೊಡ್ಡವಳು. ದಪ್ಪ ಮಣಿಕಟ್ಟು. ನನ್ನ ಸುತ್ತಿಗೆ ಅವಳ ಕೈಯಲ್ಲಿ. ನನ್ನದು ಅಂದರೆ, ಕೇರಿಯದು.

ಸುಕ್ಮಿ ಧಡಕ್ಕನೆ ಎದ್ದಳು. "ಬಾ ಬಾ, ಕೂತ್ಕೋ. ನಾನು ಸುಮ್ನೆ ಜಾಗ ಬಿಸಿ ಮಾಡ್ತಿದ್ದೆ."

ಮುರ್ನಿ ತಲೆಯೆತ್ತಲಿಲ್ಲ. "ಕೂತ್ಕೋ ಸುಕ್ಮಿ. ಮುಂದಿನ ತಿಂಗಳು ಗುಡಿ ಉತ್ಸವ ಇದೆ. ನೀನು ಈಗ ಕಲೀದಿದ್ರೆ ನಾನು ಯಾರ ಜೊತೆ ನುಡಿಸಲಿ?" ಆಮೇಲೆ ನನ್ನತ್ತ ತಿರುಗಿ, ನಿಜವಾಗಿಯೂ ನಗುತ್ತ: "ಪೀಠ ಉಳಿಯುತ್ತೆ, ಕೂತವರು ಏಳ್ತಾರೆ. ನೀನೇ ಕಂಬಕ್ಕೆ ಅಂಟಿಸಿದ್ದೆಯಲ್ಲೇ, ಎಷ್ಟು ಅಂಟು ಹಾಕಿದ್ದೆ ಅಂದ್ರೆ ಕೆರೆದು ತೆಗೆಯೋಕೆ ನಂಗೆ ಎರಡು ದಿನ ಹಿಡೀತು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ವೀಸಾದ ಸುದ್ದಿ ಹೇಳಿದೆ. ಖುಷಿಪಟ್ಟರು. ಸುಕ್ಮಿ ಕಣ್ಣೊರೆಸಿಕೊಂಡಳು. ಅವಳ ಕೈಗೆ ಮೀನಿನ ವಾಸನೆ.

ಜೂನ್ 12

ಸುರಬಾಯಾದಿಂದ ವಾಪಸು. ಗಾಜಿನ ಆಚೆ ಇದ್ದವನು ಕಡತ ತೆರೆಯಲೂ ಇಲ್ಲ.

"ಏನು ಮಾಡುತ್ತೀರಿ?"

"ನುಡಿಸುತ್ತೇನೆ."

"ಒಬ್ಬರೇನಾ?"

"ಹೌದು."

ಎರಡಕ್ಷರದ ಉತ್ತರ. ದೋಣಿಯಲ್ಲಿ ಬರುವಾಗ ಪೂರ್ತಿ ಸಮುದ್ರ ಅದನ್ನೇ ಹೇಳುತ್ತಿತ್ತು.

ಜೂನ್ 20, ಶುಕ್ರವಾರ, ಮಧ್ಯಾಹ್ನ ಮೂರು

ಪಾಸ್‌ಪೋರ್ಟ್ ಬಂತು. ವೀಸಾದಲ್ಲಿ ಫೋಟೊ ಇದೆ. ಪೂರ್ತಿ ಮುಖ. ಮೊಣಕೈ ಇಲ್ಲ.

ಭಾನುವಾರ ವಿಮಾನ. ಚೀಲ ತುಂಬಿದೆ. ಕರಪತ್ರಗಳನ್ನು ತುಂಬಿಕೊಂಡೆ, ತೆಗೆದೆ, ಮತ್ತೆ ಹಾಕಿದೆ. ಅಮ್ಮ ಗುಡಿಗೆ ಹೋಗಿದ್ದಾಳೆ. ಅಭ್ಯಾಸಕ್ಕೆ ಬಾ ಎಂದು ಯಾರೂ ಕರೆಯಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ಇನ್ನು ಕರೆಯುವುದೇನು, ಕೇರಿಯಲ್ಲಿ ಯಾರನ್ನೂ ಕರೆಯುವುದಿಲ್ಲ. ಇರುವವರು ಬರುತ್ತಾರೆ.

ಮಂಟಪದಿಂದ ಸದ್ದು. ಗದ್ದೆ ದಾಟಿ ಬರುತ್ತಿದೆ. ಶುರು ಮಾಡಿದ್ದಾರೆ.

ನಿಧಾನದ ಭಾಗ ಮುಗಿಯಿತು. ಈಗ ಜೋಡಿ ನುಡಿ. ಸುಕ್ಮಿಯ ಕೈ ಭಾರ, ಆದರೆ ತಾಳ ತಪ್ಪುತ್ತಿಲ್ಲ. ಅಲೆ ಇದೆ. ಅದೇ ನಡುಕ, ಇಲ್ಲಿ ಮೇಜಿನ ಮೇಲಿನ ಲೋಟದ ನೀರಿಗೂ ತಿಳಿಯುವ ಹಾಗೆ. ಖಾಲಿ ಜಾಗ ಹುಡುಕುತ್ತ ಕೂತಿದ್ದೇನೆ. ಎಲ್ಲೂ ಇಲ್ಲ. ಚೆನ್ನಾಗಿದೆ. ಬರೆಯಲೇಬೇಕು, ಚೆನ್ನಾಗಿದೆ.

ಒಂದು ಜಾಗ ಮಾತ್ರ ಬಾಕಿ. ದೊಡ್ಡ ಗಂಟೆ ಬೀಳುವ ಜಾಗ. ಸುಕ್ಮಿ ತಡ ಮಾಡುವವಳಲ್ಲ, ಮುರ್ನಿ ಕಾಯಬೇಕಾದ್ದೇ ಇಲ್ಲ. ಕಾದರೆ ತಪ್ಪಾಗುತ್ತದೆ, ಎಲ್ಲರಿಗೂ ಕೇಳಿಸುತ್ತದೆ.

ಬಂತು. ಗಂಟೆ. ಸುಕ್ಮಿ ಹೊಡೆದಳು, ಸರಿಯಾಗಿ. ಮುರ್ನಿ ಕಾದಳು.