ನಾನು ಬೇಡಿದ ಡೈವರ್ಷನ್, ನೀವು ಕೊಟ್ಟ ಡೈವರ್ಷನ್

ಮಾನ್ಯ ರಸ್ತೆ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚು. ಅದಕ್ಕೆ ಕಾರಣ ನಮ್ಮ ಬೀದಿಯ ಬಾಯಿಗೆ ನೀವು ನಿಲ್ಲಿಸಿರುವ ಹಳದಿ ಬೋರ್ಡು. 'ಡೈವರ್ಷನ್' ಎಂದು ಬರೆದು ಎಡಕ್ಕೆ ಬಾಣ ಬಿಟ್ಟಿದ್ದೀರಿ. ಆ ಬಾಣದ ತುದಿಯಲ್ಲಿರುವುದು ನನ್ನ ಷಡ್ಡಕನ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನ, ಟೈಲರ್ ಅಂಗಡಿ. ಬೋರ್ಡಿನ ಹಿಂದೆ ಮೂರು ತಿಂಗಳಿಂದ ನೊಣ ಹೊಡೆಯುತ್ತ ಕೂತಿರುವ ಟೈಲರ್ ನಾನು.

ಈ ಬೋರ್ಡು ಬಂದದ್ದು ನನ್ನದೇ ಅರ್ಜಿಯಿಂದ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಚರಂಡಿ ನೀರು ಉಕ್ಕಿ, ಹೊಸ್ತಿಲು ದಾಟಿ, ನನ್ನ ಮೆಷಿನ್ನಿನ ಪೆಡಲ್‌ವರೆಗೆ ಬರುತ್ತಿತ್ತು. ಅದನ್ನು ಬೇರೆ ಕಡೆ ತಿರುಗಿಸಿಕೊಡಿ ಎಂದು ಕೇಳಲು ನಿಮ್ಮ ಕಚೇರಿಗೆ ಬಂದೆ. ಅರ್ಜಿ ನಮೂನೆಯಲ್ಲಿ 'ಬೇಡಿಕೆ' ಎಂಬುದರ ಎದುರು ಬಿಟ್ಟಿದ್ದ ಜಾಗ, ನನ್ನ ಟೇಪಿನ ಪ್ರಕಾರ, ಎರಡೇ ಇಂಚು. ಗುಮಾಸ್ತರು, 'ಚುಟುಕಾಗಿ ಬರೀರಿ, ಕಥೆ ಬೇಡ' ಎಂದರು. 'ನಮ್ಮ ಬೀದಿಗೆ ಡೈವರ್ಷನ್ ಬೇಕು' ಎಂದು ಬರೆದೆ. ಯಾವ ಅರ್ಜಿಯನ್ನೂ ಕಣ್ಣೆತ್ತಿ ನೋಡದ ಕಚೇರಿ ನನ್ನದೊಂದನ್ನು ಒಂದೇ ವಾರದಲ್ಲಿ ಮಂಜೂರು ಮಾಡಿತು. ಬೀದಿಯಲ್ಲಿ ಹೋಗೋ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಜನರೆಲ್ಲ ಎಡಕ್ಕೆ ತಿರುಗಿದರು. ಚರಂಡಿ ನೀರಿಗೆ ಓದಲು ಬರುವುದಿಲ್ಲವಾದ್ದರಿಂದ ಅದು ಈಗಲೂ ನೇರ ನನ್ನ ಅಂಗಡಿಗೇ ಬರುತ್ತದೆ.

ತಪ್ಪು ನನ್ನದೋ ಪದದ್ದೋ ಎಂದು ಮೂರು ಜನರನ್ನು ವಿಚಾರಿಸಿದೆ. ಸೇನೆಯಿಂದ ನಿವೃತ್ತರಾದ ನನ್ನ ಹಳೇ ಗಿರಾಕಿಯೊಬ್ಬರು, 'ಒಂದು ಕಡೆ ಗದ್ದಲ ಎಬ್ಬಿಸಿ ಇನ್ನೊಂದು ಕಡೆಯಿಂದ ನುಗ್ಗೋದಕ್ಕೆ ನಾವು ಡೈವರ್ಷನ್ ಅಂತೀವಿ' ಎಂದರು. ಇದನ್ನು ಅವರು ಹೇಳಿದ್ದು ಷಡ್ಡಕ ಹೊಲಿದ ಪ್ಯಾಂಟು ಹಾಕಿಕೊಂಡು. ಕರುಳಿನ ಆಪರೇಷನ್ ಆದವರಿಗೆ ಹೊಟ್ಟೆಯ ಮೇಲೆ ಬೇರೆ ದಾರಿ ಮಾಡಿ ಚೀಲ ಕಟ್ಟುವುದೂ ಡೈವರ್ಷನ್ನೇ ಎಂದು ಪಕ್ಕದ ಮನೆಯ ನರ್ಸಮ್ಮ ತಿಳಿಸಿದರು. 'ಗಾಯ ಮಾಗಿದ ಮೇಲೆ ಎಷ್ಟೋ ಜನಕ್ಕೆ ಹಳೇ ದಾರೀನೇ ವಾಪಸ್ ಜೋಡಿಸ್ತಾರೆ' ಎಂದೂ ಹೇಳಿದರು. ವೈದ್ಯರಿಗಿರುವ ಈ ವಿವೇಕ ರಸ್ತೆ ವಿಭಾಗಕ್ಕೆ ಯಾಕಿಲ್ಲ? ಇಂಗ್ಲಿಷ್ ಮೇಷ್ಟ್ರು ನಿಘಂಟು ತೆಗೆದು 'ವಿನೋದ, ಮನರಂಜನೆ' ಎಂಬ ಅರ್ಥವನ್ನೂ ತೋರಿಸಿದರು. ಆ ವಿನೋದ ಷಡ್ಡಕನ ಅಂಗಡಿಯಲ್ಲಿ ಧಾರಾಳವಾಗಿದೆ.

ಯಾಕೆಂದರೆ, ಮಾನ್ಯರೇ, ನನ್ನ ಹೆಂಡತಿಯೂ ಈಗ ಅಲ್ಲೇ ಇದ್ದಾಳೆ. ಕಾಜಾ ಕೆಲಸದಲ್ಲಿ, ಅಂದರೆ ಗುಂಡಿ ತೂರಿಸುವ ಕಿಂಡಿಗೆ ಕೈಹೊಲಿಗೆ ಹಾಕುವುದರಲ್ಲಿ, ಅವಳನ್ನು ಮೀರಿಸುವವರಿಲ್ಲ. ಹದಿನೆಂಟು ವರ್ಷ ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಹಲ್ಲಿನಿಂದ ದಾರ ಕಡಿದವಳು, ಹೋದ ತಿಂಗಳು, 'ರೀ, ಖಾಲಿ ಅಂಗಡೀಲಿ ಕೂತು ತಲೆ ಕೆಡ್ತಿದೆ. ತಂಗಿ ಹತ್ರ ಹೋದ್ರೆ ಸ್ವಲ್ಪ ಡೈವರ್ಷನ್ ಆಗುತ್ತೆ' ಎಂದಳು. ಅವಳ ಬಾಯಲ್ಲೂ ಅದೇ ಪದ.

ನಿನ್ನೆ ನಾನೂ ನಿಮ್ಮ ಬಾಣ ಹಿಡಿದು ಹೋದೆ. ಷಡ್ಡಕನ ಕೈಕೆಲಸ ನನಗೆ ಗೊತ್ತಿಲ್ಲದ್ದೇನಲ್ಲ. ಅವನು ಕೂರಿಸಿದ ಕಾಲರಿನ ಒಂದು ತುದಿ ಯಾವಾಗಲೂ ಮೇಲಕ್ಕೇ ಎದ್ದಿರುತ್ತದೆ. ಅಂಥವನ ಅಂಗಡಿಯಲ್ಲಿ ಗಿರಾಕಿಗಳಿಗೆ ನಿಲ್ಲಲು ಜಾಗವಿರಲಿಲ್ಲ. ಅವನು ಏನೋ ಅಂದ, ನನ್ನ ಹೆಂಡತಿ ನಕ್ಕಳು. ತುಟಿಯಲ್ಲಿ ದಾರದ ತುಂಡು ಇಟ್ಟುಕೊಂಡೇ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಗಿರಾಕಿಗಳು ಹೋದಾಗಲೂ ನನ್ನ ಹೊಟ್ಟೆ ಅಷ್ಟು ಉರಿದಿರಲಿಲ್ಲ. ಷಡ್ಡಕ ನನ್ನನ್ನು ಕಂಡು ಎದ್ದು ಬಂದ. 'ಬನ್ನಿ ಅಣ್ಣಾ, ಕೈತುಂಬ ಕೆಲಸ ಇದೆ. ಇನ್ನೊಂದು ಮೆಷಿನ್ ತರಿಸಿದ್ದೀನಿ, ನಿಮಗೇ ಅಂತ.' ಕೆಟ್ಟವನಾಗಿದ್ದರೆ ಬೈದಾದರೂ ಬರಬಹುದಿತ್ತು. ಹೆಂಡತಿ ತನ್ನ ಸ್ಟೂಲನ್ನು ಆ ಮೆಷಿನ್ನಿನ ಎದುರಿಗೆ ಎಳೆದುಕೊಂಡು, ತಲೆ ಎತ್ತದೆ, 'ಇಲ್ಲಿ ಕಾಲು ಒದ್ದೆ ಆಗಲ್ಲ ರೀ' ಎಂದಳು.

ಆದಕಾರಣ, ಬರುವ ಭಾನುವಾರದೊಳಗೆ ಆ ಬೋರ್ಡನ್ನು ಕಿತ್ತು, ನಿಮ್ಮ ಬಾಣವನ್ನು ಚರಂಡಿಗೆ ತೋರಿಸಬೇಕೆಂದು ಒತ್ತಾಯಿಸುತ್ತೇನೆ. ಭಾನುವಾರವೇ ಏಕೆ ಎಂದು ತಾವು ಕೇಳಬಹುದು. ಸೋಮವಾರ ಉತ್ತರ ಹೇಳುತ್ತೇನೆಂದು ಷಡ್ಡಕನಿಗೆ ಮಾತು ಕೊಟ್ಟು ಬಂದಿದ್ದೇನೆ.

ಇಂತಿ,
'ಚರಂಡಿ ನೀರಿಗೆ' ಎಂಬ ಎರಡು ಪದ ಬರೆಯದೆ ಬಿಟ್ಟ,
ಸದ್ಯಕ್ಕೆ ಹಳೇ ವಿಳಾಸದಲ್ಲೇ ಇರುವ ಟೈಲರ್