ಕೆಂದಿಯ ಕೊರಳಗಂಟೆ

ಬೊಕ್ಕಾಪುರಂ

ಶಿಬಿರದ ರಾಜೇಶ್‌ಕುಮಾರ್ ಸಾರ್ ಅವರಿಗೆ ನಮಸ್ಕಾರ.

ಮೇಷ್ಟ್ರುಗಳಿಗೆ ಕಾಡು ಪರಿಚಯಿಸುವ ನಿಮ್ಮ ಶಿಬಿರದಲ್ಲಿ, ದನ ಮೇಯಿಸುವವರ ಬದುಕಿನ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಬರುವುದಿಲ್ಲ. ದನಗಳಿಂದ ಕಾಡು ಹಾಳಾಗುತ್ತದೆ ಎಂದು ಊರ ಸಭೆಯಲ್ಲಿ ಮೊದಲು ಹೇಳಿದವರು ನೀವೇ. ಆಮೇಲೆ ಕಾಡಿಗೆ ದನ ಬಿಡಬಾರದೆಂದಾಯಿತು. ನಮ್ಮ ಹಸುಗಳನ್ನೆಲ್ಲ ಲಾರಿಗೆ ಹತ್ತಿಸಿದೆವು. ಈಗ ನಮ್ಮ ಬದುಕು ನಿಮ್ಮ ಶಿಬಿರದಲ್ಲಿ ಹೇಳಿಕೊಡುವ ಪಾಠವಾಗಿದೆ.

ತೋರಿಸಲು ಕೇಳಿದ್ದಿರಲ್ಲ, ನಮ್ಮ ಕೆಂದಿ ಹಸುವಿನ ಕೊರಳಗಂಟೆ, ಅದನ್ನು ನಿಮ್ಮ ಶಿಬಿರಕ್ಕೆ ಜನರನ್ನು ಕರೆತರುವ ಜಗದೀಶನ ಜೀಪಿನಲ್ಲಿ ಕಳಿಸಿದ್ದೇನೆ. ವಾಪಸ್ ಬೇಡ. ಆದರೆ ಸಂಜೆ ಹೊತ್ತು ಬಾರಿಸಬೇಡಿ. ನಿಮ್ಮ ಬೇಲಿಯ ಪಕ್ಕದಲ್ಲೇ ನಮ್ಮ ಮನೆ. ನಿನ್ನೆ ಸಂಜೆ ಗಂಟೆ ಒರೆಸುವಾಗ ಒಮ್ಮೆ ಸದ್ದಾಯಿತು. ಅವ್ವ, "ಕೆಂದಿ ಬಂತು ಕಣವ್ವ" ಎಂದು ಹೋಗಿ ದೊಡ್ಡಿ ಬಾಗಿಲು ತೆಗೆದು ನಿಂತಳು. ಕತ್ತಲಾದರೂ ಒಳಗೆ ಬರಲಿಲ್ಲ.

ಇಂತಿ,
ಬೇಲಿಯಾಚೆಯ ನಾಗಮಣಿ