ಅಧ್ಯಕ್ಷರ ತೊಟ್ಟಿಯಲ್ಲಿ ಬಸವನಹುಳು

ಜೂನ್ 3, ಬೆಳಿಗ್ಗೆ
ಮೀನಿಗೆ ಒಂದು ಚಿಟಿಕೆ ಆಹಾರ, ಎಂದಿನಂತೆ. ಗಾಜಿನ ಒಳಮೈಯಲ್ಲಿ ಕಂದು ಚುಕ್ಕೆ — ಕೊಳೆಯೆಂದು ಉಗುರಿನಿಂದ ಕೆರೆದೆ. ಬೆರಳ ತುದಿಯಲ್ಲೇ ತೆವಳಿತು. ಬಸವನಹುಳು! ಅಸಹ್ಯ. ಮಗಳು ತೀರಿಕೊಂಡ ಮೇಲೆ ಈ ಅಕ್ವೇರಿಯಂಗೆ ಹೊಸದಾಗಿ ಸೇರಿಸಿದ್ದು ಒಂದೇ ಒಂದು ಗಿಡ. ಅದರೊಂದಿಗೇ ಬಂದಿರಬೇಕು.

ಜೂನ್ 5
ಭೂತಗನ್ನಡಿ ಹಿಡಿದು, ಮೊಬೈಲಿನ ಚಿತ್ರಗಳಿಗೆ ಹೋಲಿಸಿದೆ. ಅಂಗಿಯ ಗುಂಡಿಯಂಥ ಚಪ್ಪಟೆ ಸುರುಳಿ: ರಾಮ್ಸ್‌ಹಾರ್ನ್ ಜಾತಿ. ಎಲೆಗಳಡಿ ಮೊಟ್ಟೆ — ಸಿಂಬಳದ ಮುದ್ದೆ. ಕಾಫಿ ಲೋಟ ಪಕ್ಕಕ್ಕಿಟ್ಟೆ.
ಮೀನಿನ ಅಂಗಡಿಯವ ನಕ್ಕ. "ಗಿಡದ ಜೊತೆ ಫ್ರೀ ಸರ್! ಔಷಧಿ ಹಾಕ್ಬೇಡಿ, ಒಳಗೇ ಸತ್ತು ಕೊಳೆತ್ರೆ ಮೀನೂ ಹೋಗುತ್ತೆ. ರಾತ್ರಿ ಸೌತೆಕಾಯಿ ಹೋಳು ಬಿಡಿ, ಬೆಳಿಗ್ಗೆ ಹುಳದ ಸಮೇತ ಎತ್ತಿ. ಊಟ ಕಮ್ಮಿ ಮಾಡಿ. ತಿಂದು ಉಳಿದಿದ್ರಲ್ಲೇ ಇವು ಸಂಸಾರ ಹೂಡೋದು."
ಉಳಿಯುವ ಪ್ರಶ್ನೆಯೇ ಇಲ್ಲವೆಂದು ವಾದಿಸಿದೆ. ಚಿಟಿಕೆಯೆಂದರೆ ಚಿಟಿಕೆ.

ಜೂನ್ 6
ಸೌತೆಕಾಯಿಯ ತುಂಬ ಅವೇ... ಒಂದರ ಮೇಲೊಂದು. ಮುಖ ತಿರುಗಿಸಿಕೊಂಡು ಹೋಳನ್ನು ಎತ್ತಿ ಕಸಕ್ಕೆಸೆದೆ.
ಮಗಳ ಮೀನುಗಳಲ್ಲಿ ಉಳಿದಿರುವುದು ಒಂದೇ. ಅವಳಿಟ್ಟ ಹೆಸರು 'ಅಧ್ಯಕ್ಷರು'. ನನ್ನ ಕಾಲೇಜಿನ ಚರ್ಚಾಸ್ಪರ್ಧೆಗಳ ಕಥೆ ಕೇಳಿ ಕೇಳಿ ಸಾಕಾಗಿ ಇಟ್ಟದ್ದು. "ಅಪ್ಪ, ನೀನು ಎಷ್ಟೇ ವಾದ ಮಾಡು, ಇವರು ಬಾಯಿ ತೆಗೀತಾರೆ, ಮುಚ್ತಾರೆ. ತೀರ್ಪು ಮಾತ್ರ ಕೊಡಲ್ಲ."
ಅಧ್ಯಕ್ಷರನ್ನು ಈ ಹೊಲಸಿಗೆ ಬಲಿಕೊಡಲಾರೆ.

ಜೂನ್ 14
ಎತ್ತಿದಷ್ಟೂ ಇವೆ. ಗಾಜೆಲ್ಲ ಲೋಳೆ. ನೀರು ನಾರುತ್ತಿದೆ. ಅಧ್ಯಕ್ಷರು ಮೇಲೆ ಬಂದು ಏದುಸಿರು ಬಿಡುತ್ತಿದ್ದಾರೆ. ಮೊನ್ನೆಯಿಂದ ಆಹಾರ ನಿಲ್ಲಿಸಿದ್ದೇನೆ. ಆದರೂ ತಳದ ಕಲ್ಲುಗಳ ನಡುವೆ ಆಹಾರದ ಹೊಸ ಕಾಳುಗಳು. ಮತ್ತೊಬ್ಬರು ಹಾಕುತ್ತಿದ್ದಾರೆಂಬುದು ನಿರ್ವಿವಾದ. ಮನೆಯಲ್ಲಿರುವುದು ನಾವಿಬ್ಬರೇ.
ಹೆಂಡತಿಯನ್ನು ಕೇಳಿದೆ.
"ನಾನ್ಯಾಕೆ ಹಾಕ್ಲಿ ರೀ?"
ಕಣ್ಣೆತ್ತಿ ನೋಡಲಿಲ್ಲ.

ಜೂನ್ 15, ಸಂಜೆ
ಆಫೀಸಿನಿಂದ ಬೇಗ ಬಂದೆ. ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡಿದ್ದೆ — ಮಂಡನೆ, ಪುರಾವೆ, ಉಪಸಂಹಾರ. ಬಾಗಿಲಲ್ಲೇ ನಿಂತುಬಿಟ್ಟೆ. ಮಗಳಿದ್ದಾಗ, ಕಾಲೇಜಿನಿಂದ ಬಂದವಳೇ, ಚಪ್ಪಲಿಯನ್ನೂ ಬಿಡದೆ ಮೀನಿಗೆ ಊಟ ಹಾಕುತ್ತಿದ್ದ ಹೊತ್ತು. ತೊಟ್ಟಿಯ ಮುಂದೆ ಹೆಂಡತಿ. ಕಾಲಲ್ಲಿ ಮಗಳ ಚಪ್ಪಲಿ. ಹಿಡಿ ತುಂಬ ಸುರಿಯುತ್ತ, ಅವಳದೇ ಧಾಟಿಯಲ್ಲಿ, "ಸಾರಿ ಅಧ್ಯಕ್ಷರೇ, ಇವತ್ತು ಲೇಟಾಯ್ತು."
ನನ್ನನ್ನು ಕಂಡಳು.
"ಅವಳ ಪಾಲಿನ ಊಟ ನಿಲ್ಸೋಕೆ ನನ್ ಕೈಲಾಗಲ್ಲ ರೀ."
ಜೋಡಿಸಿಕೊಂಡಿದ್ದ ವಾದವನ್ನೆಲ್ಲ ಬಿಟ್ಟು, ರಾತ್ರಿಗೆ ಸೌತೆಕಾಯಿ ಹೆಚ್ಚಲು ಅಡುಗೆಮನೆಗೆ ಹೋದೆ.

ಜೂನ್ 16, ಸಂಜೆ
ಮತ್ತೆ ಬೇಗ ಬಂದಿದ್ದೇನೆ. ಹುಳ ಎತ್ತುವ ಹೇಸಿಗೆ ಕೆಲಸ ನನಗಿರಲಿ. ಬೆಳಗಿನ ಚಿಟಿಕೆಯನ್ನು ನಾನು ಬಿಟ್ಟೆ. ಸಂಜೆಯದು ಮಗಳ ಪಾಲಿನದು. ಒಂದೇ ಚಿಟಿಕೆ, ಇಬ್ಬರೂ ನಿಂತು ಹಾಕೋಣ — ಹೆಂಡತಿಗೆ ಇಷ್ಟನ್ನೇ ಹೇಳಬೇಕು. ಪೀಠಿಕೆಯಿಲ್ಲದೆ. ಹಜಾರದಲ್ಲಿ ಆ ಚಪ್ಪಲಿಯ ಸದ್ದು...